ಶುಲ್ಕ ಕಟ್ಟಿದರೆ ಸಾಲದು: ಬಡ ಕಲಾ ವಿದ್ಯಾರ್ಥಿಗೆ ಶಿಷ್ಯವೇತನ ಕೊಡಲು ಹೊರಟವರಿಗೆ

ಮೂರು ವರ್ಷದ ಹಿಂದೆ ನಾವು ಹತ್ತು ಮಂದಿ ಗೆಳೆಯರು ಸೇರಿ, ನಾಟಕ ಕಲಿಯಲು ಆಯ್ಕೆಯಾಗಿದ್ದ ಹುಡುಗನೊಬ್ಬನ ಶುಲ್ಕ ಕಟ್ಟುವುದಾಗಿ ಮಾತು ಕೊಟ್ಟೆವು. ಒಂದು ವರ್ಷದ, ಅಲ್ಲೇ ಇದ್ದು ಕಲಿಯುವ ಕೋರ್ಸು. ಸಂದರ್ಶನದಲ್ಲಿ ಅವನ ಹೆಸರು ಮೊದಲ ಪಟ್ಟಿಯಲ್ಲೇ ಬಂದಿತ್ತು. ತರಗತಿ ಶುರುವಾದ ದಿನ ಅವನು ಬರಲಿಲ್ಲ. ಫೋನ್ ಮಾಡಿದರೆ ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು. "ಫೀಸು ನೀವು ಕಟ್ತೀರಿ ಸಾರ್, ಅದು ಸರಿ. ಮಂಗಳವಾರ ಮಂಗಳವಾರ ಅಮ್ಮನ ಸಂಘದ ಕಂತು ಬರುತ್ತೆ. ಅದನ್ನ ಯಾರು ಕಟ್ತಾರೆ?" ಅಂದ. ಶುಲ್ಕದ ಬಗ್ಗೆ ಎರಡು ಸಭೆ ಮಾಡಿದ್ದ ನಾವು ಆ ಸಾಲದ ಕಂತಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಸಂಗೀತ, ನೃತ್ಯ, ನಾಟಕ, ಯಕ್ಷಗಾನ, ಜಾನಪದ ಕಲಿಯುವ ಬಡ ಮಕ್ಕಳಿಗೆ ಏನಾದರೂ ಮಾಡಬೇಕು ಎಂದುಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಪ್ಪನ ಹೆಸರಿನಲ್ಲಿ ದತ್ತಿ ಇಡಲು ಬಯಸುವ ಮಕ್ಕಳಿದ್ದಾರೆ, ನಿವೃತ್ತಿ ಹಣದಲ್ಲಿ ಒಂದು ಪಾಲು ಎತ್ತಿಟ್ಟ ಮೇಷ್ಟ್ರುಗಳಿದ್ದಾರೆ, ಊರಿನ ಕಲಾಸಂಘಗಳಿವೆ, ಹೊರದೇಶದ ಕನ್ನಡ ಕೂಟಗಳಿವೆ. ಆದರೆ ದತ್ತಿ ಎಂದ ಕೂಡಲೇ ನಮ್ಮ ಮನಸ್ಸು ಹೋಗುವುದು ದತ್ತಿ ಉಪನ್ಯಾಸಕ್ಕೆ, ದತ್ತಿ ಬಹುಮಾನಕ್ಕೆ, ಚಿನ್ನದ ಪದಕಕ್ಕೆ. ಪದಕ ಸಿಗುವುದು ಕೋರ್ಸು ಮುಗಿಸಿದವರಿಗೆ. ನಡುವೆಯೇ ಬಿಟ್ಟು ಗಾರೆ ಕೆಲಸಕ್ಕೆ ಹೋದವನ ತನಕ ಅದು ತಲುಪುವುದೇ ಇಲ್ಲ. ಅವನ ತನಕ ತಲುಪುವ ಹಣವನ್ನು ಹೇಗೆ ಕೂಡಿಸಬೇಕು, ಹೇಗೆ ಕೊಡಬೇಕು ಎಂಬುದನ್ನು ಈ ಮೂರು ವರ್ಷದಲ್ಲಿ ನಾವು ಕಲಿತಷ್ಟು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಖರ್ಚನ್ನು ಕಲಿಯುವವರ ಬಾಯಿಂದಲೇ ಕೇಳಿ

ಹಣ ಕೂಡಿಸುವ ಮೊದಲು ಒಂದು ಭಾನುವಾರ ಮೀಸಲಿಡಿ. ನೀವು ನೆರವಾಗಬೇಕೆಂದಿರುವ ಕಲೆಯನ್ನು ಈಗ ಕಲಿಯುತ್ತಿರುವ ಇಬ್ಬರು ಮೂವರನ್ನು ಕೂರಿಸಿಕೊಂಡು, ತಿಂಗಳಿಗೆ ಏನೇನು ಖರ್ಚು ಎಂದು ಕೇಳಿ. ಗುರುಗಳನ್ನೋ ಸಂಸ್ಥೆಯ ಕಚೇರಿಯನ್ನೋ ಕೇಳಿದರೆ ಶುಲ್ಕದ ಲೆಕ್ಕವಷ್ಟೇ ಸಿಗುತ್ತದೆ. ಉಳಿದದ್ದು ಗೊತ್ತಿರುವುದು ಮಕ್ಕಳಿಗೆ.

ಒಂದೊಂದು ಕಲೆಯ ಖರ್ಚು ಒಂದೊಂದು ಕಡೆ ಕಚ್ಚುತ್ತದೆ. ಮೃದಂಗ ಕಲಿಯುವವನಿಗೆ ವಾದ್ಯ ಕೊಡಿಸಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ದಿನಕ್ಕೆ ಮೂರು ಗಂಟೆ ಸಾಧನೆ ಮಾಡುವವನ ಮೃದಂಗದ ಬಲಗಡೆಯ ಮುಚ್ಚಿಗೆ, ಅಂದರೆ ಬಾರಿಸುವ ಚರ್ಮದ ಹೊದಿಕೆ, ಎಷ್ಟು ಬೇಗ ಸತ್ತುಹೋಗುತ್ತದೆ ಎಂಬುದು ಅವನನ್ನು ಕೇಳಿದರೇ ತಿಳಿಯುವುದು. ಒಬ್ಬ ಹುಡುಗ ನನ್ನೆದುರು ತನ್ನ ಮೃದಂಗವನ್ನು ಮಗುಚಿ ತೋರಿಸಿದ: ನಡುವಿನ ಕಪ್ಪು ಲೇಪ, ಕರಣೆ, ಅಲ್ಲಲ್ಲಿ ಬಿರುಕು ಬಿಟ್ಟು ಉದುರುತ್ತಿತ್ತು, ನಾದ ಕೂರುತ್ತಿರಲಿಲ್ಲ. "ಮನೇಲಿ ಮೆತ್ತಗೆ ಬಾರಿಸ್ತೀನಿ, ಜೋರಾಗಿ ಬಾರಿಸಿದ್ರೆ ಹೋಗಿಬಿಡುತ್ತೆ" ಎಂದ. ಕೈ ಬಿಗಿಯಾಗಬೇಕಾದ ವಯಸ್ಸಿನಲ್ಲಿ, ದುಡ್ಡಿಲ್ಲದ ಕಾರಣಕ್ಕೆ ಮೆತ್ತಗೆ ಬಾರಿಸುವುದನ್ನು ಅಭ್ಯಾಸ ಮಾಡುತ್ತಿದ್ದ. ಇದು ಯಾವ ಅರ್ಜಿ ನಮೂನೆಯಲ್ಲೂ ಬರುವ ಖರ್ಚಲ್ಲ.

ಭರತನಾಟ್ಯದಲ್ಲಿ ತಿಂಗಳ ಶುಲ್ಕ ಹೇಗೋ ನಡೆದುಹೋಗುತ್ತದೆ. ರಂಗಪ್ರವೇಶ ಎಂಬ ಮೊದಲ ಏಕವ್ಯಕ್ತಿ ಪ್ರದರ್ಶನದ ಒಂದು ಸಂಜೆ ಎದುರಾದಾಗ ಉಡುಪು, ಪಕ್ಕವಾದ್ಯ, ಸಭಾಂಗಣ, ಊಟ ಎಲ್ಲ ಸೇರಿ ಲಕ್ಷ ದಾಟುತ್ತದೆ. ಅಲ್ಲಿಗೆ ಎಷ್ಟೋ ಹೆಣ್ಣುಮಕ್ಕಳು ಸದ್ದಿಲ್ಲದೆ ಕಲಿಕೆ ನಿಲ್ಲಿಸುತ್ತಾರೆ. ನಾಟಕದಲ್ಲಿ ತಾಲೀಮು ರಾತ್ರಿ ಒಂಬತ್ತಕ್ಕೆ ಮುಗಿದು ಕೊನೆಯ ಬಸ್ಸು ಎಂಟೂವರೆಗೆ ಹೊರಟಿರುತ್ತದೆ. ಹುಡುಗಿಗೆ ಆಟೋ ದುಡ್ಡು ಇಲ್ಲವೆಂದರೆ ಪಾತ್ರವೂ ಇಲ್ಲ. ಯಕ್ಷಗಾನದಲ್ಲಿ ಮೇಳ ಸೇರಿದ ಹೊಸ ಹುಡುಗನಿಗೆ ತಿರುಗಾಟದ ಕಾಲದಲ್ಲಿ ಸಂಬಳವಿರುತ್ತದೆ. ಮೇ ಕೊನೆಯ ಹೊತ್ತಿಗೆ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ತಿಂಗಳುಗಳು ಖಾಲಿ. ಹೆಜ್ಜೆಗಾರಿಕೆ (ಕುಣಿತ), ಅರ್ಥಗಾರಿಕೆ (ಮಾತುಗಾರಿಕೆ) ಕೂತು ಕಲಿಯಲು ಬಿಡುವಿರುವುದು ಆಗಲೇ, ಹೋಟೆಲ್ ಕೆಲಸಕ್ಕೆಂದು ಬೆಂಗಳೂರು ಬಸ್ಸು ಹತ್ತುವುದೂ ಆಗಲೇ. ಅವನಿಗೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳ ವೇತನ ಕೊಟ್ಟರೆ, ವರ್ಷವಿಡೀ ಕೊಟ್ಟಷ್ಟೇ ಫಲವಿದೆ.

ಕೇಳಿದ್ದನ್ನೆಲ್ಲ ಮೂರು ಕಂಬಸಾಲಿನಲ್ಲಿ ಬರೆದುಕೊಳ್ಳಿ. ಮೊದಲನೆಯದು ಕಲಿಕೆಯ ಖರ್ಚು: ಶುಲ್ಕ, ವಾದ್ಯ, ಗೆಜ್ಜೆ, ಪರೀಕ್ಷೆ. ಎರಡನೆಯದು ಬದುಕುವ ಖರ್ಚು: ಊಟ, ಬಾಡಿಗೆ, ಬಸ್ಸು, ಫೋನಿನ ರೀಚಾರ್ಜು, ಔಷಧಿ. ಮೂರನೆಯದು, ಈ ಹುಡುಗ ಕಲಿಯಲು ಹೋದರೆ ಮನೆಗೆ ನಿಂತುಹೋಗುವ ಸಂಪಾದನೆ. ಮೂರನೆಯದನ್ನು ಪೂರ್ತಿ ತುಂಬಿಕೊಡಲು ನಿಮ್ಮಿಂದ ಆಗದಿರಬಹುದು. ಆದರೂ ಬರೆಯಿರಿ. ಅದನ್ನು ಬರೆಯದ ವೇತನ ನಡುವಿನಲ್ಲಿ ಮುರಿದುಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನ ಎಂಬ ಪದ್ಧತಿ ಇದ್ದದ್ದೇ ಪಾಠದ ಜೊತೆಗೆ ಹೊಟ್ಟೆಯೂ ನಡೆಯಬೇಕೆಂದು. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಹುಡುಗನ ಸಂಗೀತದ ಕಲಿಕೆಗೆ ಆಸರೆಯಾದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರು ಅಂಧರನ್ನೂ ಬಡವರನ್ನೂ ಜೊತೆಗಿಟ್ಟುಕೊಂಡು ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟರು. ಗದಗದ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹಾಗೆ. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥ ಹೆಸರಾಂತ ಗಾಯಕರೆಲ್ಲರೂ ಆ ಗುರುವಿನ ಶಿಷ್ಯರು. ಮೂರರಲ್ಲಿ ಪಾಠವೊಂದನ್ನೇ ಕೊಟ್ಟು ಊಟ ನೀವೇ ನೋಡಿಕೊಳ್ಳಿ ಎಂದಿದ್ದರೆ ಇವರಲ್ಲಿ ಎಷ್ಟು ಹೆಸರು ನಮಗೆ ಸಿಗುತ್ತಿದ್ದವು?

ಹೆಜ್ಜೆ 2: ಸರ್ಕಾರದ ಹಣ ಎಲ್ಲಿದೆ ನೋಡಿ, ಅದು ಮುಟ್ಟದ ಕಡೆ ನಿಮ್ಮದನ್ನು ಇಡಿ

ನಿಮ್ಮ ಹಣ ಚಿಕ್ಕದು. ಸರ್ಕಾರ ಕೊಡುವುದನ್ನೇ ನೀವೂ ಕೊಟ್ಟರೆ ಒಂದು ಹಣ ವ್ಯರ್ಥ. ಆದ್ದರಿಂದ ಮೊದಲು ಇರುವ ಯೋಜನೆಗಳನ್ನು ತಿಳಿದುಕೊಂಡು, ವಿದ್ಯಾರ್ಥಿಯ ಅರ್ಜಿಯನ್ನು ನೀವೇ ಕೂತು ತುಂಬಿಸಿ. ಎಷ್ಟೋ ಸಲ ಅಷ್ಟೇ ದೊಡ್ಡ ಸಹಾಯ.

10ರಿಂದ 14 ವರ್ಷದ ಮಕ್ಕಳಿಗೆ ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) ನಡೆಸುವ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಟ್ಟ ಶುಲ್ಕ 9,000ದವರೆಗೆ ವಾಪಸು ಎಂಬುದು ಅದರ ಲೆಕ್ಕ. ಮೊತ್ತ ಸಣ್ಣದಾದರೂ ಎರಡೆರಡು ವರ್ಷಕ್ಕೆ ನವೀಕರಿಸಿಕೊಂಡು 20 ವರ್ಷದವರೆಗೂ ನಡೆಯುತ್ತದೆ. ಪರಂಪರೆಯಿಂದ ಕಲೆಯನ್ನೇ ಮಾಡಿಕೊಂಡು ಬಂದ ಮನೆತನದ ಮಕ್ಕಳಿಗೆ ಅದರಲ್ಲಿ ಬೇರೆ ಪಾಲೇ ಇದೆ. ತೊಗಲುಗೊಂಬೆಯವರ, ಕಿನ್ನರಿ ಜೋಗಿಗಳ, ಕಂಸಾಳೆಯವರ ಮನೆಗಳಿಗೆ ಈ ಸುದ್ದಿ ಮುಟ್ಟುವುದು ಅಪರೂಪ. ನಿಮ್ಮ ತಾಲೂಕಿನಲ್ಲಿ ಅಂಥ ಮನೆಗಳಿದ್ದರೆ ನೀವೇ ಹೋಗಿ ಹೇಳಿ.

18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ: ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ, ಇಡೀ ದೇಶಕ್ಕೆ 400 ಮಂದಿಗೆ. ಐದು ವರ್ಷ ಗುರುಗಳ ಬಳಿ ಕಲಿತಿರಬೇಕು. ಹಣ ಬರುವುದು ಆರು ತಿಂಗಳಿಗೊಮ್ಮೆ ಗಂಟಾಗಿ. ರಾಜ್ಯದಲ್ಲಿ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಶಿಷ್ಯವೇತನಕ್ಕೆ ಅರ್ಜಿ ಕರೆಯುತ್ತದೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬರುವ ಪ್ರಕಟಣೆ, ಕಣ್ಣಿಟ್ಟಿರಬೇಕು. ರಾಷ್ಟ್ರೀಯ ನಾಟಕ ಶಾಲೆಗೆ ಆಯ್ಕೆಯಾದವರಿಗೆ ಶಾಲೆಯೇ ತಿಂಗಳ ವೇತನ ಕೊಡುತ್ತದೆ, ಆದ್ದರಿಂದ ಅಲ್ಲಿ ಸೇರಿದ ಮೇಲಿನ ಖರ್ಚಿಗಿಂತ ಸೇರುವ ಮುಂಚಿನದಕ್ಕೆ, ಅಂದರೆ ಸಂದರ್ಶನಕ್ಕೆ ಹೋಗಿಬರುವ ರೈಲು ಚಾರ್ಜಿಗೆ, ಅಲ್ಲಿ ತಂಗುವುದಕ್ಕೆ ಸಹಾಯ ಮಾಡಿ.

ಕಾಲೇಜು, ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೋ ನಾಟಕವನ್ನೋ ಪದವಿಯಾಗಿ ಓದುವವರಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಅರ್ಜಿ ಮಂಜೂರಾಗಿಯೂ ಹಣ ಬರದೆ ನಿಲ್ಲುವುದು ಹೆಚ್ಚಾಗಿ ಈ ಜೋಡಣೆಯಲ್ಲೇ. ಬ್ಯಾಂಕಿಗೆ ವಿದ್ಯಾರ್ಥಿಯ ಜೊತೆ ನೀವೂ ಹೋಗಿ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಕಂದಕ ಎರಡು. ಗುರುಗಳ ಮನೆಯಲ್ಲಿ, ಮಠದ ಜಗಲಿಯಲ್ಲಿ, ಊರಿನ ಡೊಳ್ಳಿನ ತಂಡದಲ್ಲಿ ಕಲಿಯುವವರಿಗೆ ಪೋರ್ಟಲ್‌ನಲ್ಲಿ ಆರಿಸಿಕೊಳ್ಳಲು ಕಾಲೇಜಿನ ಹೆಸರೇ ಇರುವುದಿಲ್ಲ. ಇನ್ನೊಂದು, ಮಂಜೂರಾದ ಹಣ ಕೈಗೆ ಬರುವವರೆಗಿನ ತಿಂಗಳುಗಳು. ಮೊದಲನೆಯ ಕಂದಕಕ್ಕೆ ವೇತನ ಬೇಕು. ಎರಡನೆಯದಕ್ಕೆ ಬಡ್ಡಿಯಿಲ್ಲದ ಕೈಗಡ ಸಾಕು: ಸರ್ಕಾರದ ಹಣ ಬಂದಾಗ ವಾಪಸು ಕೊಡಲಿ, ಅದೇ ಹಣ ಮುಂದಿನವನಿಗೆ ಹೋಗುತ್ತದೆ. ಒಂದು ವಿಷಯ ಮರೆಯಬೇಡಿ. ಕೆಲವು ಯೋಜನೆಗಳಲ್ಲಿ ಬೇರೆ ವೇತನ ಪಡೆಯಬಾರದೆಂಬ ಷರತ್ತಿರುತ್ತದೆ. ನಿಯಮ ಓದಿಕೊಂಡೇ ನಿಮ್ಮದನ್ನು ಸೇರಿಸಿ, ಇಲ್ಲದಿದ್ದರೆ ನಿಮ್ಮ ಎರಡು ಸಾವಿರಕ್ಕೆ ಅವನ ಐದು ಸಾವಿರ ಹೋದೀತು.

ಹೆಜ್ಜೆ 3: ಇಡುಗಂಟೋ, ತಿಂಗಳ ವಂತಿಗೆಯೋ?

ಒಂದು ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲಿ ಬಡ ವಿದ್ಯಾರ್ಥಿಗೆ ನೆರವು ಎಂಬುದು ನಮ್ಮಲ್ಲಿ ತುಂಬ ಪ್ರಿಯವಾದ ಆಲೋಚನೆ. ಲೆಕ್ಕ ಹಾಕಿ. ಶೇಕಡಾ 6.5 ಬಡ್ಡಿ ಸಿಕ್ಕಿತೆಂದು ಇಟ್ಟುಕೊಂಡರೆ ವರ್ಷಕ್ಕೆ 6,500. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 650 ರೂಪಾಯಿ, ಬಸ್ ಚಾರ್ಜಿಗೂ ಸಾಲದು. ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 3,000 ಚಿಲ್ಲರೆ ಕೊಡಬೇಕೆಂದರೂ ಇಡುಗಂಟು ಐದು ಲಕ್ಷ ಇರಬೇಕು. ಮೇಲಾಗಿ ಬೆಲೆ ಏರುತ್ತದೆ, ಬಡ್ಡಿ ಏರುವುದಿಲ್ಲ. ಹಿಂದೆ ಇಟ್ಟ ಎಷ್ಟೋ ದತ್ತಿಗಳ ಬಡ್ಡಿ ಇವತ್ತು ಒಂದು ಹಾರಕ್ಕೂ ಸಾಲದಂತಾಗಿದೆ.

ಹತ್ತು ಮಂದಿ ತಿಂಗಳಿಗೆ 500 ರೂಪಾಯಿ ಕೊಟ್ಟರೆ ಅದು 5,000. ಕೇಂದ್ರ ಸರ್ಕಾರ ಯುವ ಕಲಾವಿದನಿಗೆ ಕೊಡುವಷ್ಟೇ ಮೊತ್ತ ಒಂದು ಬೀದಿಯ ಗೆಳೆಯರ ಕೈಲಿ ಆಯಿತು! ನಮ್ಮ ಗುಂಪು ನಡೆಯುತ್ತಿರುವುದು ಹೀಗೆಯೇ. ಇದರ ಒಂದೇ ಅಪಾಯವೆಂದರೆ ನಡುವೆ ಮೂವರು ಕೊಡುವುದು ನಿಲ್ಲಿಸುವುದು. ಅದಕ್ಕೆ ವಿದ್ಯಾರ್ಥಿಯನ್ನು ಆರಿಸುವ ಮುಂಚೆಯೇ ಆರು ತಿಂಗಳ ಮೊತ್ತ ಖಾತೆಯಲ್ಲಿ ಕೂಡಿರಬೇಕು ಎಂದು ನಿಯಮ ಮಾಡಿಕೊಳ್ಳಿ. ನಮ್ಮಲ್ಲಿ 30,000 ಸೇರದೆ ಯಾರಿಗೂ ಮಾತು ಕೊಡುವುದಿಲ್ಲ. ಕೊಟ್ಟ ಮಾತು ಆರನೇ ತಿಂಗಳಿಗೆ ತಪ್ಪಿದರೆ ಆ ಹುಡುಗ ಮನೆಯಲ್ಲೂ ಇಲ್ಲ, ಪಾಠದಲ್ಲೂ ಇಲ್ಲ ಎಂಬಂತಾಗುತ್ತಾನೆ. ಮೊದಲೇ ಇಲ್ಲವೆನ್ನುವುದಕ್ಕಿಂತ ಅದು ಕ್ರೂರ.

ಸಹಾಯಾರ್ಥ ಪ್ರದರ್ಶನ ನಮ್ಮ ಕಂಪನಿ ನಾಟಕಗಳ ಕಾಲದಿಂದ ಬಂದ ದಾರಿ. ಪುಟ್ಟರಾಜ ಗವಾಯಿಗಳು ಪುಣ್ಯಾಶ್ರಮದ ಮಕ್ಕಳ ಹೊಟ್ಟೆಗೆ ನಾಟಕ ಕಂಪನಿ ಕಟ್ಟಿದರು, ಊರೂರಿನಲ್ಲಿ ಭಕ್ತರು ಮಾಡಿದ ತುಲಾಭಾರದ ಹಣವನ್ನೂ ಅಲ್ಲಿಗೇ ತಂದರು. ಇವತ್ತೂ ಒಂದು ತಾಳಮದ್ದಳೆ, ಒಂದು ನಾಟಕ, ಒಂದು ಕಛೇರಿ ಮಾಡಿ ಹಣ ಎತ್ತಬಹುದು. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಫ್ಲೆಕ್ಸು, ಅತಿಥಿಗಳ ಶಾಲು ಎಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಮುಂಚೆಯೇ ಕಾಗದದ ಮೇಲೆ ಬರೆದು ನೋಡಿ. ಶಾಲೆಯ ಬಯಲು ಸಿಕ್ಕರೆ, ಫ್ಲೆಕ್ಸು ಬಿಟ್ಟರೆ ಉಳಿಯುತ್ತದೆ. ಕಲಾವಿದರಿಗೆ ಸಂಭಾವನೆ ಬಿಡಿ ಎಂದು ಮಾತ್ರ ಕೇಳಬೇಡಿ. ಬಡ ಕಲಾವಿದರ ಹೆಸರಿನಲ್ಲಿ ಇನ್ನೊಬ್ಬ ಕಲಾವಿದನ ದುಡಿಮೆಯನ್ನು ಬಿಟ್ಟಿ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಕೇಳಬಹುದು. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆಗಳ ಪ್ರೋತ್ಸಾಹವೂ ಇದೆ. ಆದರೆ ಅವರು ಕೊಡುವುದು ನೋಂದಾಯಿತ ಸಂಸ್ಥೆಗಳಿಗೆ, ವರದಿಯನ್ನೂ ಕೇಳುತ್ತಾರೆ. ಮೊದಲ ವರ್ಷವೇ ಅದರ ಹಿಂದೆ ಓಡಬೇಡಿ.

ಹೆಜ್ಜೆ 4: ಕಾಗದಪತ್ರ

ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ಗೆಳೆಯರು ಸೇರಿ ಕೊಡುವುದಕ್ಕೆ ಟ್ರಸ್ಟು ಬೇಕಿಲ್ಲ. ಇಬ್ಬರ ಸಹಿ ಬೇಕಾಗುವ ಒಂದು ಜಂಟಿ ಖಾತೆ, ಎಲ್ಲರಿಗೂ ಕಾಣುವ ಒಂದು ಲೆಕ್ಕದ ಹಾಳೆ ಸಾಕು. ಒಬ್ಬರ ಸ್ವಂತ ಫೋನ್‌ಪೇಗೆ ಹಣ ಹಾಕಿಸಿಕೊಂಡು ನಡೆಸಬೇಡಿ. ನಂಬಿಕೆ ಎಷ್ಟೇ ಇರಲಿ, ಮನೆ ಖರ್ಚೂ ವೇತನದ ಹಣವೂ ಒಂದೇ ಖಾತೆಯಲ್ಲಿ ಬೆರೆತರೆ ಎರಡನೇ ವರ್ಷ ಯಾರಿಗೂ ಲೆಕ್ಕ ಬಿಡಿಸಲು ಬರುವುದಿಲ್ಲ.

ಕೊಟ್ಟವರಿಗೆ ತೆರಿಗೆಯಲ್ಲಿ ಕಡಿತ ಸಿಗಬೇಕೆಂದರೆ ಮಾತು ಬೇರೆ. 80ಜಿ ಎಂದು ಎಲ್ಲರ ಬಾಯಲ್ಲಿರುವ ಆ ಸೌಲಭ್ಯ ಅದಕ್ಕಾಗಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ. ವಿದ್ಯಾರ್ಥಿಯ ಕೈಗೆ ನೇರವಾಗಿ ಕೊಟ್ಟದ್ದಕ್ಕೆ ಇಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಈ ಮಾನ್ಯತೆ ಇರುವ ಹಳೆಯ ಕಲಾಸಂಸ್ಥೆ ನಿಮ್ಮ ಊರಿನಲ್ಲಿದ್ದರೆ ಅದರೊಳಗೇ ನಿಮ್ಮ ಹೆಸರಿನ ಪ್ರತ್ಯೇಕ ನಿಧಿ ತೆರೆಯುವುದು ಸುಲಭದ ದಾರಿ. ಆಗ ಒಪ್ಪಂದವನ್ನು ಬರೆದು ಇಟ್ಟುಕೊಳ್ಳಿ: ಆಯ್ಕೆ ಯಾರದು, ಹಣ ಯಾವ ತಾರೀಖಿಗೆ ಹೋಗಬೇಕು, ವಿದ್ಯಾರ್ಥಿ ಸಿಗದ ವರ್ಷ ಹಣ ಏನಾಗಬೇಕು. ನಿಮ್ಮದೇ ಸಂಘ ಬೇಕೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಸೇರಿ ನೋಂದಾಯಿಸಬಹುದು. ವರ್ಷ ವರ್ಷ ಲೆಕ್ಕ ಸಲ್ಲಿಸುವ ತಾಳ್ಮೆ ಇರುವ ಒಬ್ಬರಾದರೂ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಹೊರದೇಶದಲ್ಲಿರುವವರು ಇದನ್ನು ಗಮನವಿಟ್ಟು ಓದಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿ ಕನ್ನಡಿಗರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಇದ್ದರೂ, ವಿದೇಶಿ ದೇಣಿಗೆಯೇ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೋಂದಾಯಿತವಾದ ಕನ್ನಡ ಕೂಟದ ಹಣವೂ ಹಾಗೆಯೇ. ಅದನ್ನು ಪಡೆಯುವ ಇಲ್ಲಿನ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಊರಿನ ಸಣ್ಣ ಸಂಘಕ್ಕೆ ಪ್ರೀತಿಯಿಂದ ಕಳಿಸಿದ ಡಾಲರು ಅವರಿಗೆ ಕೇಸಾಗಿ ಪರಿಣಮಿಸಬಾರದು.

ಹೆಜ್ಜೆ 5: ಆಯ್ಕೆ

ಅರ್ಜಿ ಒಂದೇ ಪುಟವಿರಲಿ, ಕನ್ನಡದಲ್ಲಿರಲಿ, ಕೈಯಲ್ಲಿ ಬರೆದು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವಂತಿರಲಿ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ಪ್ರಮಾಣಪತ್ರ ಇದ್ದರೆ ಸರಿ, ಇಲ್ಲವೆಂದು ತಳ್ಳಬೇಡಿ. ಸೋದರಮಾವನಿಂದ ತಮಟೆ ಕಲಿತ ಹುಡುಗ ಯಾವ ಪ್ರಮಾಣಪತ್ರ ತಂದಾನು? ಎರಡು ನಿಮಿಷದ ವಿಡಿಯೊ ಕೇಳಿ, ಅವನು ಕಲಿಯುವ ಜಾಗಕ್ಕೇ ಹೋಗಿ ನೋಡಿ.

ಬಡತನವನ್ನು ಅಳೆಯಲು ಎಲ್ಲರೂ ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಕೇಳಿ, ಅದೊಂದನ್ನೇ ನಂಬಬೇಡಿ. ಅದು ಐದು ವರ್ಷ ಚಲಾವಣೆಯಲ್ಲಿರುವ ಕಾಗದ. ಆ ಐದು ವರ್ಷದೊಳಗೆ ಅಪ್ಪ ತೀರಿಕೊಂಡಿರಬಹುದು, ಬೋರ್‌ವೆಲ್ ಬತ್ತಿರಬಹುದು. ಮನೆಗೆ ಹೋಗಿ. ಉಡುಪಿಯ ಯಕ್ಷಗಾನ ಕಲಾರಂಗ "ವಿದ್ಯಾಪೋಷಕ್" ಎಂಬ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗುತ್ತದೆ. ಅದರ ಕಾರ್ಯಕರ್ತರು ವಿದ್ಯಾರ್ಥಿಗಳ ಮನೆಗಳಿಗೇ ಹೋಗಿ ನೋಡುವ ಪದ್ಧತಿ ಇಟ್ಟುಕೊಂಡಿದ್ದಾರೆ, ಮನೆಯೇ ಇಲ್ಲದ ಮಕ್ಕಳಿಗೆ ದಾನಿಗಳಿಂದ ಮನೆ ಕಟ್ಟಿಸಿಕೊಟ್ಟದ್ದೂ ಇದೆ. ಮನೆ ನೋಡದೆ ಇದು ಸಾಧ್ಯವಾಗುತ್ತಿರಲಿಲ್ಲ.

ಹೋಗುವಾಗ ಇಬ್ಬರೇ ಹೋಗಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಕ್ಯಾಮೆರಾ ಬೇಡ. ಅಡುಗೆಮನೆಗೆ ಇಣುಕಿ ಡಬ್ಬಿ ಎಣಿಸುವ ಅಗತ್ಯವಿಲ್ಲ. ಅಮ್ಮನ ಜೊತೆ ಕೂತು, ವಾರಕ್ಕೆ ಯಾವ ಯಾವ ದಿನ ಯಾರಿಗೆ ದುಡ್ಡು ಕಟ್ಟಬೇಕು ಎಂದು ಕೇಳಿ. ಈಗ ನಮ್ಮ ಅರ್ಜಿಯಲ್ಲಿ ಒಂದು ಸಾಲು ಇದೆ: "ಮನೆಯ ಸಾಲ, ಸಂಘದ ಕಂತು: ಎಷ್ಟು, ಯಾವ ವಾರ?" ಆ ಹುಡುಗನ ಫೋನಿನಿಂದ ಬಂದ ಸಾಲು ಅದು.

ಆರಿಸುವವರು ಮೂವರಿರಲಿ, ಅವರಲ್ಲೊಬ್ಬರು ಆ ಕಲೆಯನ್ನು ಬಲ್ಲವರಾಗಿರಲಿ. ಅವರ ಸ್ವಂತ ಶಿಷ್ಯರ ಅರ್ಜಿ ಬಂದಾಗ ಅವರು ಎದ್ದು ಹೊರಗೆ ಕೂರಲಿ. ಪ್ರತಿಭೆ ನೋಡುವಾಗಲೂ ಇವತ್ತು ಎಷ್ಟು ಚೆನ್ನಾಗಿ ಹಾಡುತ್ತಾಳೆ ಎಂಬುದಕ್ಕಿಂತ ಇಷ್ಟು ಕಡಿಮೆ ಪಾಠದಲ್ಲಿ ಎಲ್ಲಿಗೆ ಬಂದಿದ್ದಾಳೆ ಎಂದು ನೋಡಿ. ವಾರಕ್ಕೆ ಮೂರು ಪಾಠ ಸಿಕ್ಕವಳನ್ನೂ ತಿಂಗಳಿಗೆ ಎರಡು ಪಾಠ ಸಿಕ್ಕವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಗೆಲ್ಲುವುದು ಯಾವಾಗಲೂ ಮೊದಲನೆಯವಳೇ.

ಆಯ್ಕೆಯಾಗದವರಿಗೆ ಫೋನ್ ಮಾಡಿ ಹೇಳಿ. ಮೆಸೇಜು ಸಾಲದು.

ಹೆಜ್ಜೆ 6: ಕೊಡುವ ರೀತಿ

ಒಂದನೇ ತಾರೀಖು, ತಪ್ಪದೆ, ಖಾತೆಗೆ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಡಿ. ವರ್ಷಕ್ಕೊಮ್ಮೆ 30,000ದ ಚೆಕ್ಕು ಕೊಟ್ಟರೆ ಅದು ಮನೆಯ ಹಳೇ ಸಾಲಕ್ಕೆ ಹೋಗುತ್ತದೆ. ಹೋಗಲೇಬೇಕು, ಅಷ್ಟು ದುಡ್ಡು ಎದುರಿಗಿದ್ದಾಗ ಸಾಲ ಕೊಟ್ಟವನಿಗೆ ಇಲ್ಲವೆನ್ನುವುದು ಹೇಗೆ? ತಿಂಗಳು ತಿಂಗಳು 2,500 ಬಂದರೆ ಅದು ಊಟಕ್ಕೆ, ಬಸ್ಸಿಗೆ ಉಳಿಯುತ್ತದೆ. ಪ್ರತಿ ತಿಂಗಳು ತಾನಾಗಿ ಹಣ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ (ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್) ಬರೆದುಕೊಟ್ಟುಬಿಡಿ, ನೀವು ಮರೆತರೂ ಅದು ಮರೆಯುವುದಿಲ್ಲ.

ಖಾತೆಯ ಬಗ್ಗೆ ಒಂದು ಎಚ್ಚರ. ನಾವು ಆರಿಸಿದ್ದ ಒಬ್ಬ ಹುಡುಗಿಗೆ ಮೊದಲ ಕಂತು ಕಳಿಸಿದ ದಿನ ಅವಳು ಫೋನ್ ಮಾಡಿ, "2,500 ಹಾಕಿದ್ರಂತೆ, 1,900 ಇದೆ" ಎಂದಳು. ಕನಿಷ್ಠ ಮೊತ್ತ ಇಟ್ಟಿಲ್ಲವೆಂದು ಎಷ್ಟೋ ತಿಂಗಳ ದಂಡವನ್ನು ಬ್ಯಾಂಕು ಒಟ್ಟಿಗೆ ಮುರಿದುಕೊಂಡಿತ್ತು. ಆದ್ದರಿಂದ ಮೊದಲ ಕಂತಿಗೆ ಮುಂಚೆ ಖಾತೆ ಜನಧನವೋ, ಕನಿಷ್ಠ ಮೊತ್ತ ಬೇಡದ ಮೂಲ ಉಳಿತಾಯ ಖಾತೆಯೋ ಎಂದು ನೋಡಿ, ಅಲ್ಲದಿದ್ದರೆ ಬದಲಾಯಿಸಿ. ಚಿಕ್ಕ ಮಕ್ಕಳಾದರೆ ತಾಯಿಯ ಜೊತೆ ಜಂಟಿ ಖಾತೆ ಮಾಡಿಸಿ.

ವಾದ್ಯ, ಉಡುಪಿನಂಥ ದೊಡ್ಡ ಖರ್ಚನ್ನು ಬೇರೆಯಾಗಿಯೇ ಕೊಡಿ. ವಿದ್ಯಾರ್ಥಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಅವನ ಕೈಗೆ, ಕಿವಿಗೆ ಒಪ್ಪಿದ್ದನ್ನೇ ಕೊಡಿಸಿ. ದಾನಿಗಳ ಮನೆಯ ಅಟ್ಟದಲ್ಲಿರುವ ಹಳೇ ವೀಣೆ, ಹಾರ್ಮೋನಿಯಂ ಕೊಡುವವರಿದ್ದಾರೆ. ಅದು ಒಳ್ಳೆಯದೇ, ರಿಪೇರಿ ಮಾಡಿಸಿ ಕೊಡಿ.

ಇನ್ನು ವೇದಿಕೆಯ ಮಾತು. ದೊಡ್ಡ ರಟ್ಟಿನ ಚೆಕ್ಕು ಹಿಡಿಸಿ ಫೋಟೊ ತೆಗೆಸಬೇಡಿ. "ಕಡುಬಡತನದಲ್ಲಿ ಅರಳಿದ ಪ್ರತಿಭೆ" ಎಂದು ಮೈಕಿನಲ್ಲಿ ಕೂಗಬೇಡಿ. ಆ ಹುಡುಗಿಯ ಸಹಪಾಠಿಗಳು ಸಭೆಯಲ್ಲಿ ಕೂತಿರುತ್ತಾರೆ, ಅವಳ ಅಪ್ಪನೂ ಕೂತಿರುತ್ತಾನೆ. ವೇದಿಕೆ ಕೊಡಲೇಬೇಕೆಂದರೆ ಹದಿನೈದು ನಿಮಿಷ ಹಾಡಲು ಕೊಡಿ, ಪಕ್ಕವಾದ್ಯದವರ ಜೊತೆ, ಉಳಿದ ಕಲಾವಿದರಿಗೆ ಮಾಡುವಂತೆಯೇ ಪರಿಚಯ ಮಾಡಿ. ದಾನಿಗಳಿಗೆ ಅವಳು ಬೆಳೆಯುವುದನ್ನು ನೋಡುವ ಆಸೆ ಇರುವುದು ಸಹಜ. ಅದು ಈಡೇರುವುದು ಅಲ್ಲಿ.

ಹೆಜ್ಜೆ 7: ಕೊಟ್ಟ ಮೇಲೆ

ತಿಂಗಳಿಗೊಂದು ಫೋನು, ಮೂರು ತಿಂಗಳಿಗೊಮ್ಮೆ ಭೇಟಿ. ವರದಿ, ಬಿಲ್ಲು ಕೇಳಬೇಡಿ. ಗುರುಗಳಿಂದ ಪಾಠ ನಡೆಯುತ್ತಿದೆ ಎಂಬ ಒಂದು ಮಾತು ಸಾಕು. ಹುಡುಗರಿಗೆ ಗಂಟಲು ಒಡೆಯುವ ವಯಸ್ಸಿನಲ್ಲಿ ಆರು ತಿಂಗಳೋ ವರ್ಷವೋ ಹಾಡುಗಾರಿಕೆ ಕುಗ್ಗುತ್ತದೆ, ನರ್ತಕಿಯ ಮಂಡಿ ನೋಯುತ್ತದೆ, ಪರೀಕ್ಷೆಯಲ್ಲಿ ಒಮ್ಮೆ ಸೋಲಾಗುತ್ತದೆ. ಇಂಥ ಕಾರಣಕ್ಕೆ ವೇತನ ನಿಲ್ಲಿಸುವುದಿಲ್ಲ ಎಂದು ಮೊದಲೇ ಬರವಣಿಗೆಯಲ್ಲಿ ಹೇಳಿಬಿಡಿ. ಪಾಠಕ್ಕೆ ಹೋಗುವುದನ್ನೇ ನಿಲ್ಲಿಸಿದರೆ ಮಾತ್ರ ಕೂತು ಮಾತಾಡಿ. ಕಾರಣ ಹೆಚ್ಚಾಗಿ ಮನೆಯಲ್ಲಿರುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯ ಮಾತಾಗಿರುತ್ತದೆ. ಆಗ ಹಣಕ್ಕಿಂತ ಗುರುಗಳು ಬಂದು ಅಪ್ಪ ಅಮ್ಮನ ಎದುರು ಆಡುವ ನಾಲ್ಕು ಮಾತಿಗೆ ಬೆಲೆ ಹೆಚ್ಚು.

ಒಟ್ಟು ನಿಧಿಯಲ್ಲಿ ಹತ್ತರಲ್ಲೊಂದು ಪಾಲನ್ನು ತುರ್ತಿಗೆಂದು ತೆಗೆದಿಡಿ. ಜ್ವರ, ಕಳೆದುಹೋದ ಫೋನು, ಊರಿಗೆ ತಕ್ಷಣ ಹೋಗಬೇಕಾದ ಸಾವು. ಕೇಳಿದ ದಿನವೇ ಕೊಡುವ ಅಧಿಕಾರ ಗುಂಪಿನ ಒಬ್ಬರಿಗೆ ಇರಲಿ, ಅದಕ್ಕೆ ಸಭೆ ಬೇಡ.

ಕೋರ್ಸು ಮುಗಿದ ದಿನ ವೇತನವೂ ಮುಗಿಯುವುದು ಎಲ್ಲ ಕಡೆ ನಡೆಯುವ ಪದ್ಧತಿ. ನಾಟಕದ ಡಿಪ್ಲೊಮಾ ಮುಗಿಸಿದವನು ಯಾವುದಾದರೂ ರೆಪರ್ಟರಿಗೆ, ಅಂದರೆ ಖಾಯಂ ನಾಟಕ ತಂಡಕ್ಕೆ, ಸೇರಲು, ಶಾಲೆಗಳಲ್ಲಿ ನಾಟಕ ಮಾಡಿಸುವ ಕೆಲಸ ಹಿಡಿಯಲು, ಹಾಡುವವಳು ಮನೆಪಾಠಕ್ಕೆ ನಾಲ್ಕು ಮಕ್ಕಳನ್ನು ಹುಡುಕಿಕೊಳ್ಳಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಕಲಿಯುವಾಗ ನಮ್ಮ ಜೊತೆಗಿದ್ದ ಇಬ್ಬರು ಕಲೆ ಬಿಟ್ಟದ್ದು ಈ ತಿಂಗಳುಗಳಲ್ಲೇ. ಆದ್ದರಿಂದ ಹತ್ತು ತಿಂಗಳ ಕೋರ್ಸಿಗೆ ಹದಿಮೂರು ತಿಂಗಳ ಹಣ ಎಂದು ಮೊದಲೇ ಲೆಕ್ಕ ಹಾಕಿ. ಜೂನ್ ಜುಲೈಯಲ್ಲಿ ತರಗತಿ ಶುರುವಾಗುವುದಾದರೆ ಹಣ ಕೂಡಿಸುವುದನ್ನು ಸಂಕ್ರಾಂತಿಗೆ ಶುರುಮಾಡಿ, ಅರ್ಜಿಯನ್ನು ಯುಗಾದಿಯ ಹೊತ್ತಿಗೆ ಕರೆಯಿರಿ, ಮನೆ ಭೇಟಿಯನ್ನು ಮೇ ತಿಂಗಳಲ್ಲಿ ಮುಗಿಸಿ. ಮೊದಲ ಕಂತು ತರಗತಿಗೆ ಹದಿನೈದು ದಿನ ಮುಂಚೆಯೇ ಖಾತೆಯಲ್ಲಿರಲಿ; ಹೊರಡುವ ದಿನ ಬಸ್ ಚಾರ್ಜು, ಒಂದು ಹಾಸಿಗೆ, ಒಂದು ಬಕೆಟ್ಟು ಬೇಕಾಗುತ್ತದೆ.